ಹೋಮ್‌ವರ್ಕ್ ಎಲ್ಲ ಸರಿ, ಟೆಸ್ಟ್‌ನಲ್ಲಿ ಖಾಲಿ ಹಾಳೆ

ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಅಪ್ಪ ಅಮ್ಮ ನನ್ನ ಹತ್ತಿರ ಕರೆತಂದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗಣಿತದ ಟೆಸ್ಟ್ ಇದ್ದ ದಿನ ಬೆಳಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿ ದೇಹಕ್ಕೆ ಏನೂ ತೊಂದರೆ ಇಲ್ಲ ಎಂದಿದ್ದರು. ಹೋಮ್‌ವರ್ಕ್ ಪುಸ್ತಕದಲ್ಲಿ ಮಾತ್ರ ಪುಟ ಪುಟಕ್ಕೂ ರೈಟ್ ಮಾರ್ಕು. "ಮನೇಲಿ ಎಲ್ಲ ಮಾಡ್ತಾಳೆ, ಅಲ್ಲಿ ಬೇಕಂತಲೇ ಬರೆಯಲ್ಲ" ಅನ್ನುವುದು ಅಪ್ಪನ ದೂರು.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವಳಿಗೆ ಒಂದೇ ಲೆಕ್ಕ ಕೊಟ್ಟೆ: 3ಎಕ್ಸ್ − 7 = 11. ಏಳನ್ನು ಸರಿಯಾಗಿಯೇ ಆ ಕಡೆ ಕಳಿಸಿ 3ಎಕ್ಸ್ = 18 ಅಂತ ಬರೆದಳು. ಮುಂದಿನ ಸಾಲು ಎಕ್ಸ್ = 15. ಹೇಗೆ ಅಂದರೆ, "ಮೂರು ಆ ಕಡೆ ಹೋದ್ರೆ ಮೈನಸ್ ಆಗುತ್ತಲ್ವಾ?"

ಇದು ದಡ್ಡತನ ಅಲ್ಲ. ಪಕ್ಷ ಬದಲಾದರೆ ಚಿಹ್ನೆ ಬದಲಾಗುತ್ತದೆ ಎಂದು ಬಾಯಿಪಾಠ ಮಾಡಿಸಿದ್ದನ್ನು ಅವಳು ನಿಷ್ಠೆಯಿಂದ ಎಲ್ಲ ಕಡೆಗೂ ಹಚ್ಚಿದ್ದಾಳೆ, ಎರಡೂ ಕಡೆ ಒಂದೇ ಕೆಲಸ ಮಾಡಬೇಕು, ಗುಣಿಸಿದ್ದನ್ನು ಭಾಗಿಸಿಯೇ ಬಿಡಿಸಬೇಕು ಅನ್ನುವುದು ಅವಳ ತಲೆಗೆ ಹೋಗಿಯೇ ಇರಲಿಲ್ಲ. ಈ ತಪ್ಪು ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದಕ್ಕೆ ಕಾರಣ ಗೈಡ್. ಉತ್ತರ ತಪ್ಪಾದರೆ ಮನೆಯಲ್ಲಿ ಬೈಗುಳ, ಹಾಗಾಗಿ ನೋಡಿ ಬರೆಯುತ್ತಿದ್ದಳು.

15ನ್ನು ಲೆಕ್ಕದೊಳಗೆ ಹಾಕಿ ನೋಡು ಎಂದೆ. 45ರಲ್ಲಿ 7 ಹೋದರೆ 38. ತಾನೇ ಹೊಡೆದು ಹಾಕಿದಳು, ಸ್ವಲ್ಪ ಹೊತ್ತು ಯೋಚಿಸಿ 6 ಬರೆದಳು, ಹಾಕಿ ನೋಡಿದಳು, 11 ಬಂತು. "ಹಾಗಾದ್ರೆ ಸರೀನಾ ತಪ್ಪಾ ಅಂತ ಯಾರನ್ನೂ ಕೇಳೋದೇ ಬೇಡ್ವಾ?" ಎಂದು ಕೇಳಿದಳು. ಬೇಡ ಕಣಮ್ಮ.

ರೇಖಾಗಣಿತದಲ್ಲಿ ಚಿತ್ರ ಬರೆಯದೆ ಸೂತ್ರ ಹುಡುಕುವ ಅಭ್ಯಾಸ. ತ್ರಿಭುಜದ ಹೊರಕೋನ 110 ಡಿಗ್ರಿ, ಅದರ ಅಂತರಾಭಿಮುಖ ಕೋನಗಳು, ಅಂದರೆ ಅದಕ್ಕೆ ತಾಗದ ಒಳಗಿನ ಎರಡು ಕೋನಗಳು, ಎಕ್ಸ್ ಮತ್ತು ಎಕ್ಸ್ + 20. ಈ ಎರಡನ್ನು ಕೂಡಿದರೆ ಹೊರಕೋನ. ಚಿತ್ರ ಬರೆದು, ಕೊಟ್ಟಿದ್ದನ್ನೆಲ್ಲ ಅದರ ಮೇಲೇ ಗುರುತಿಸಿದ ಮೇಲೆ 2ಎಕ್ಸ್ + 20 = 110 ಅನ್ನುವುದು ಅವಳಿಗೇ ಕಂಡಿತು. 45, 65, ಒಳಗಿನ ಮೂರನೇ ಕೋನ 70. ಕೂಡಿದರೆ 180.

ಅಪ್ಪ ಅಮ್ಮನಿಗೆ ನಾನು ಹೇಳಿದ್ದು: ಗೈಡ್ ಕಿತ್ತುಕೊಳ್ಳಬೇಡಿ, ಆದರೆ ಸ್ವಂತವಾಗಿ ಒಂದು ಸಲ ಮಾಡಿದ ಮೇಲೆ ಮಾತ್ರ ತೆರೆಯಲಿ. ತಪ್ಪು ಸಾಲನ್ನು ಅಳಿಸದೆ ಒಂದು ಗೆರೆ ಎಳೆದು ಬಿಡಲಿ, ಮೇಷ್ಟ್ರಿಗೆ ಅದೇ ಸಾಲು ಕಾಣಬೇಕು. ನಿಮಗೆ ಗಣಿತ ಬರದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು "ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಉತ್ತರ ಹಾಕಿ ನೋಡಿದ್ಯಾ" ಇಷ್ಟು ಕೇಳಿ ಸಾಕು. ದಿನಕ್ಕೆ ಮೂರು ಲೆಕ್ಕ ಸಾಕು. ಅರ್ಧಕ್ಕೆ ನಿಂತ ಲೆಕ್ಕವನ್ನು ಹಾಗೇ ಶಾಲೆಗೆ ಒಯ್ಯಲಿ, ಅದಕ್ಕೆ ಬೈಯಬೇಡಿ ಎಂದು ಅಪ್ಪನಿಗೆ ಒತ್ತಿ ಹೇಳಿದೆ. ಅವರಿಗೆ ಇದೇ ಜಾಸ್ತಿ ಕಷ್ಟವಾಯಿತು, ಒಪ್ಪಿದರು.

ಮುಂದಿನ ಟೆಸ್ಟ್ ದಿನವೂ ಹೊಟ್ಟೆ ನೋಯಿತಂತೆ, ಆದರೂ ಹೋಗಿ ಬರೆದು ಬಂದಳು. ಊಟ, ನಿದ್ದೆ ಕೆಟ್ಟರೆ ತಡಮಾಡದೆ ಕರೆತನ್ನಿ ಎಂದಿದ್ದೇನೆ. ರಾತ್ರಿ ಹೊತ್ತು ಭಯ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.