'ರೋಂಪರ್ ಸ್ಟಾಂಪರ್' ಸಿನಿಮಾ ಯಾಕೆ ಅಷ್ಟು ವಿವಾದವಾಯಿತು? ಅದು ಜನಾಂಗದ್ವೇಷವನ್ನು ಬೆಂಬಲಿಸುತ್ತದೆಯೇ?

ಬೆಂಬಲಿಸುವುದಿಲ್ಲ. ಆದರೆ ಆಕ್ಷೇಪ ಎತ್ತಿದವರಿಗೂ ಕಾರಣವಿತ್ತು.

1992ರ ಈ ಆಸ್ಟ್ರೇಲಿಯನ್ ಚಿತ್ರದ ನಿರ್ದೇಶಕ ಜೆಫ್ರಿ ರೈಟ್. ಕಥೆ ನಡೆಯುವುದು ಮೆಲ್ಬರ್ನ್‌ನ ಫುಟ್‌ಸ್ಕ್ರೇಯಲ್ಲಿ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಅಲ್ಲಿಂದ ಬಂದ ಅನೇಕ ಕುಟುಂಬಗಳು ನೆಲೆಸಿದ ಕಡೆ ಅದು. ನವನಾಜಿ ಗ್ಯಾಂಗಿನ ನಾಯಕ ಹ್ಯಾಂಡೋ ಪಾತ್ರದಲ್ಲಿ ರಸೆಲ್ ಕ್ರೋ.

ಗಲಾಟೆಯ ಮೂಲ ಕ್ಯಾಮೆರಾ ನಿಂತ ಜಾಗ. ತಾವು ಕುಡಿಯುವ ಪಬ್ಬನ್ನು ವಿಯೆಟ್ನಾಂ ಮೂಲದವರು ಕೊಂಡರು ಎಂದು ಗ್ಯಾಂಗ್ ಅಲ್ಲಿ ಹಲ್ಲೆ ಮಾಡುತ್ತದೆ. ಫೋನ್ ಹೋಗುತ್ತದೆ, ವಿಯೆಟ್ನಾಂ ಮೂಲದವರ ಕಡೆಯ ಜನ ಕಾರುಗಟ್ಟಲೆ ಬಂದಿಳಿಯುತ್ತಾರೆ. ಆಮೇಲಿನ ದೀರ್ಘ ಓಟದಲ್ಲಿ ಕೈಯಲ್ಲೇ ಹಿಡಿದ ಕ್ಯಾಮೆರಾ ಓಡುವುದು ಸ್ಕಿನ್‌ಹೆಡ್‌ಗಳ, ಅಂದರೆ ತಲೆ ಬೋಳಿಸಿದ ಈ ಗ್ಯಾಂಗಿನವರ, ಜೊತೆ. ಹಾಗಾಗಿ ಪ್ರೇಕ್ಷಕನ ಎದೆ ಹೊಡೆದುಕೊಳ್ಳುವುದೂ ಅವರಿಗಾಗಿಯೇ! ತಪ್ಪು ಯಾರದೆಂದು ಗೊತ್ತಿದ್ದರೂ. ಎದುರಾಳಿಗಳ ಮನೆ-ಬದುಕನ್ನು ಮಾತ್ರ ಚಿತ್ರ ಹೆಚ್ಚು ತೋರಿಸುವುದಿಲ್ಲ, ಅವರಿಗೆ ಮಾತೂ ಕಡಿಮೆ. ಚಿತ್ರದ ನಿಜವಾದ ಕೊರತೆ ಇದು.

ವಿಮರ್ಶಕ ಡೇವಿಡ್ ಸ್ಟ್ರಾಟನ್ ಟಿವಿಯಲ್ಲಿ ಇದಕ್ಕೆ ಸ್ಟಾರ್ ಕೊಡಲೇ ಒಪ್ಪಲಿಲ್ಲ. ಅದೇ ವರ್ಷ ಕ್ರೋಗೆ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಚಿತ್ರ ಈ ಗ್ಯಾಂಗಿಗೆ ಗೆಲುವನ್ನೇನೂ ಕೊಡುವುದಿಲ್ಲ. ಅಡಗುತಾಣ ಹೋಗುತ್ತದೆ, ಹುಡುಗರು ಚದುರುತ್ತಾರೆ, ಕೊನೆಗೆ ಹ್ಯಾಂಡೋನನ್ನು ಕೊಲ್ಲುವುದು ಜೀವದ ಗೆಳೆಯ ಡೇವಿಯೇ.

ಅಂದ ಹಾಗೆ, ಸ್ಕಿನ್‌ಹೆಡ್‌ಗಳೆಲ್ಲ ನಾಜಿಗಳಲ್ಲ. 1960ರ ದಶಕದ ಕೊನೆಗೆ ಲಂಡನ್ನಿನ ಕಾರ್ಮಿಕರ ಮಕ್ಕಳಲ್ಲಿ ಹುಟ್ಟಿದ ಈ ಶೈಲಿ ಜಮೈಕಾದ ಸ್ಕಾ ಸಂಗೀತಕ್ಕೆ ಕುಣಿದದ್ದು. ಬಲಪಂಥೀಯ ಗುಂಪುಗಳು ಅದಕ್ಕೆ ಅಂಟಿಕೊಂಡದ್ದು ಮುಖ್ಯವಾಗಿ 70ರ ದಶಕದ ಕೊನೆಯಲ್ಲಿ.