ಸಿಂಗಾಪುರದ ಯುದ್ಧಕ್ಕೆ ಹೋಗಿ ವಾಪಸ್ ಬಾರದ ಮುತ್ತಾತ ಆಜಾದ್ ಹಿಂದ್ ಫೌಜಿನಲ್ಲಿದ್ದರು ಅಂತ ಸಾಬೀತು ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಮುತ್ತಾತ ಮೈಸೂರು ಮಹಾರಾಜರ ಸೈನ್ಯದಲ್ಲಿದ್ದರು, ಸಿಂಗಾಪುರಕ್ಕೆ ಹೋದರು, ಮತ್ತೆ ಬರಲಿಲ್ಲ. ಅವರ ಮಗಳು, ಅಂದರೆ ನಿಮ್ಮ ಅಜ್ಜಿ, ಈಗಲೂ ಇದ್ದಾರೆ. "ಬ್ರಿಟಿಷರ ಸಿಪಾಯಿ ಅನ್ನೋ ಹೆಸರು ಬೇಡ, ನೇತಾಜಿ ಜೊತೆ ಇದ್ದರು ಅನ್ನೋದಕ್ಕೆ ದಾಖಲೆ ಬೇಕು" ಅಂತ ಬರೆದಿದ್ದೀರಿ. ಇಪ್ಪತ್ತು ವರ್ಷದ ಹಿಂದೆ ನಾನು ಊರೆಲ್ಲ ಕೇಳಿಕೊಂಡು ಓಡಾಡಿದ್ದು ಇದನ್ನೇ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನನ್ನ ತಾತನ ಅಣ್ಣ, ನಮಗೆಲ್ಲ ದೊಡ್ಡ ತಾತ, ಮೈಸೂರು ಇನ್ಫೆಂಟ್ರಿಯಲ್ಲಿ, ಅಂದರೆ ಮಹಾರಾಜರ ಕಾಲಾಳು ಪಡೆಯಲ್ಲಿದ್ದರು. ಮಳೆ ಕೈಕೊಟ್ಟ ವರ್ಷ ಸೈನ್ಯಕ್ಕೆ ಸೇರಿದರಂತೆ. ಮದುವೆಯಾಗಿ ಎರಡು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಎರಡನೇ ಮಹಾಯುದ್ಧ ಬಂತು, ಬ್ರಿಟಿಷರ ಪರವಾಗಿ ಹೋರಾಡಲು ಅವರ ಪಡೆಯನ್ನು ಸಿಂಗಾಪುರಕ್ಕೆ ಕಳಿಸಿದರು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನ ಕೈಗೆ ಹೋಯಿತು. ಆಮೇಲೆ ಊರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತಂತೆ. ಶಾನುಭೋಗರು ಓದಿ "ಕಾಣೆಯಾಗಿದ್ದಾರೆ ಅಂತ ಬರೆದಿದ್ದಾರೆ" ಅಂದರಂತೆ. ಅಷ್ಟೇ.

ಕಾಣೆಯಾಗಿದ್ದಾರೆ ಅನ್ನೋ ಒಂದು ಮಾತಿನ ಮೇಲೆ ದೊಡ್ಡಜ್ಜಿ ಅರವತ್ತೊಂಬತ್ತು ವರ್ಷ ಬದುಕಿದರು. ತಾಳಿ ತೆಗೆಯಲಿಲ್ಲ. ಕಾಲುಂಗುರ ತೆಗೆಯಲಿಲ್ಲ. ಮದುವೆ ಮನೆಗಳಲ್ಲಿ ಅವರನ್ನು ಮುತ್ತೈದೆಯರ ಸಾಲಿಗೆ ಕರೆಯಬೇಕೋ ಬೇಡವೋ ಅಂತ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವರೇ ಅರ್ಥ ಮಾಡಿಕೊಂಡು ಹಿಂದೆ ಹೋಗಿ ನಿಲ್ಲುತ್ತಿದ್ದರು. ಪಕ್ಷದ ಹಬ್ಬದಲ್ಲಿ ಸತ್ತ ಹಿರಿಯರಿಗೆಲ್ಲ ಎಡೆ ಇಡುವಾಗ ದೊಡ್ಡ ತಾತನ ಹೆಸರಿನಲ್ಲಿ ಎಡೆ ಇಡಲು ಬಿಡುತ್ತಿರಲಿಲ್ಲ. "ಬದುಕಿರೋರಿಗೆ ಎಡೆ ಇಡ್ತೀರಾ?" ಅನ್ನುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಅದೇ ದಾರಿ ಹಿಡಿಯುತ್ತಿದ್ದೀರಿ.

1946ರಲ್ಲಿ ಪಕ್ಕದೂರಿನ ಒಬ್ಬ ಸೈನಿಕ ಬದುಕಿ ವಾಪಸ್ ಬಂದಿದ್ದ. "ಅವನು ಬೋಸರ ಕಡೆಯೋರ ಜೊತೆ ಹೋದ ಅಂತ ಕೇಳಿದೆ" ಅಂದಿದ್ದನಂತೆ. ಕಣ್ಣಲ್ಲಿ ನೋಡಿದ ಮಾತಲ್ಲ, ಕೇಳಿದ ಮಾತು. ಆದರೆ ನಮ್ಮಪ್ಪನ ಕಾಲಕ್ಕೆ ಅದು ಗಟ್ಟಿ ಇತಿಹಾಸ ಆಗಿಹೋಗಿತ್ತು. ನಡುಮನೆಯಲ್ಲಿ ನೇತಾಜಿ ಫೋಟೋ, ಅದರ ಕೆಳಗೆ ದೊಡ್ಡ ತಾತನ ಫೋಟೋ. ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ನಾನು ಭಾಷಣ ಮಾಡಿದ್ದೇ ಅವರ ಮೇಲೆ.

2003ರಲ್ಲಿ ಹುಡುಕಲು ಶುರು ಮಾಡಿದಾಗ ನಾನು ಹುಡುಕಿದ್ದು ಐಎನ್‌ಎ, ಅಂದರೆ ಆಜಾದ್ ಹಿಂದ್ ಫೌಜಿನ, ಕಾಗದಗಳಲ್ಲಿ ಮಾತ್ರ. ರಕ್ಷಣಾ ಇಲಾಖೆಯಲ್ಲಿದ್ದ ಐಎನ್‌ಎ ಕಡತಗಳನ್ನು 1997ರಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟಿದ್ದರು. ಎರಡು ಸಲ ಅಲ್ಲಿಗೆ ಹೋದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಪಟ್ಟಿಗಳನ್ನು ನೋಡಿದೆ. ಗೊತ್ತಿದ್ದವರಿಗೆಲ್ಲ ಪತ್ರ ಬರೆದೆ. ಎಲ್ಲೂ ಸಿಗಲಿಲ್ಲ.

2004ರಲ್ಲಿ ಜೊತೆಯಲ್ಲಿ ಓದಿದ ಒಬ್ಬ ಗೆಳೆಯ ಹೇಳಿದ: "ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದವರು ಸತ್ತ ಸೈನಿಕರ ಪಟ್ಟಿಯನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ, ಅಲ್ಲಿ ನೋಡು." ನಾನು ನೋಡಲಿಲ್ಲ. ಹತ್ತು ನಿಮಿಷದ ಕೆಲಸ, ಮಾಡಲಿಲ್ಲ. ಅದು ಬ್ರಿಟಿಷರಿಗಾಗಿ ಸತ್ತವರ ಪಟ್ಟಿ, ನಮ್ಮವರು ಅಲ್ಲಿ ಯಾಕಿರುತ್ತಾರೆ ಅಂದುಕೊಂಡೆ. ಅಲ್ಲಿ ಹುಡುಕಿದರೇ ದೊಡ್ಡ ತಾತನಿಗೆ ಅವಮಾನ ಅನ್ನಿಸಿತು. ನನಗೆ ಬೇಕಾಗಿದ್ದದ್ದು ದೊಡ್ಡ ತಾತ ಅಲ್ಲ, ನನ್ನ ಭಾಷಣದ ದೊಡ್ಡ ತಾತ.

ಅದಕ್ಕಿಂತ ದೊಡ್ಡ ತಪ್ಪು ಆದದ್ದು ಊರಿಗೆ ಹೋದಾಗ. ದೊಡ್ಡಜ್ಜಿ ಜಗಲಿ ಮೇಲೆ ಕೂತು ಹುರುಳಿಕಾಳು ಕೇರುತ್ತಿದ್ದರು. "ಏನಾಯ್ತು ಮಗಾ?" ಅಂದರು. "ಪಟ್ಟಿಯಲ್ಲಿ ಹೆಸರು ಇಲ್ಲ ದೊಡ್ಡಜ್ಜಿ" ಅಂದೆ. ಮೊರ ಆಡಿಸುವುದು ನಿಲ್ಲಿಸಿದರು. "ಸತ್ತೋರ್ ಪಟ್ಟೀಲಿ ಇಲ್ವಾ?" ಅಂದರು. ನನಗೆ ಬಸ್ಸಿನ ಆಯಾಸ, ನಿರಾಸೆ. ಬಿಡಿಸಿ ಹೇಳುವ ತಾಳ್ಮೆ ಇರಲಿಲ್ಲ. "ಹೂಂ, ಯಾವ ಪಟ್ಟಿಯಲ್ಲೂ ಇಲ್ಲ" ಅಂದುಬಿಟ್ಟೆ. ಅವತ್ತು ಸಂಜೆ ಬೀದಿಯ ನಾಲ್ಕು ಮನೆಗೆ ಹೋಗಿ ಹೇಳಿ ಬಂದರು: ದಿಲ್ಲಿಯಲ್ಲೂ ನೋಡಿಸಿದ್ದಾಯ್ತು, ಸತ್ತೋರಲ್ಲಿ ನಮ್ಮೋರು ಇಲ್ಲವಂತೆ. ನಾನು ತಿದ್ದಲಿಲ್ಲ. 2011ರಲ್ಲಿ ತೀರಿಕೊಂಡರು. ತಾಳಿ ಕೊರಳಲ್ಲೇ ಇತ್ತು.

2014ರಲ್ಲಿ ಅದೇ ಗೆಳೆಯ ಮತ್ತೆ ಕೇಳಿದ, ನೋಡಿದ್ಯಾ ಅಂತ. ಆಗ ನೋಡಿದೆ. ಹೆಸರು ಹಾಕಿದರೆ ಸಿಗಲಿಲ್ಲ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದ, ಕೊನೆಯ 'ಗೌಡ'ವನ್ನು ಬಿಟ್ಟೇಬಿಟ್ಟಿದ್ದ. ಹೆಸರಿನ ಜಾಗ ಖಾಲಿ ಬಿಟ್ಟು, ಮೈಸೂರಿನ ಪಡೆ, ಸಿಂಗಾಪುರದ ಸ್ಮಾರಕ ಅಂತ ಹಾಕಿ ಒಂದೊಂದೇ ಸಾಲು ಓದುತ್ತಾ ಹೋದೆ. ರಾತ್ರಿ ಒಂದೂವರೆಗೆ ಸಿಕ್ಕಿತು. ತಂದೆಯ ಹೆಸರು ಸರಿಯಾಗಿತ್ತು. ಊರಿನ ಹೆಸರಿನಲ್ಲಿ ಎರಡು ಅಕ್ಷರ ತಪ್ಪು. ಸತ್ತ ತಾರೀಕು ಇತ್ತು, ಸಿಂಗಾಪುರ ಬಿದ್ದು ಒಂದು ವರ್ಷಕ್ಕಿಂತ ಜಾಸ್ತಿ ಆದ ಮೇಲಿನದು. ಅಂದರೆ ಸೆರೆಯಲ್ಲಿ. ಪಕ್ಕದಲ್ಲಿ ಇನ್ನೊಂದು ಮಾತು: ಇಂಥವರ ಗಂಡ. ಅಲ್ಲಿ ನಮ್ಮ ದೊಡ್ಡಜ್ಜಿಯ ಹೆಸರಿತ್ತು.

ಆ ಪಟ್ಟಿ 1998ರಿಂದ ಅಂತರ್ಜಾಲದಲ್ಲಿತ್ತು. ದೊಡ್ಡಜ್ಜಿ ಬದುಕಿದ್ದ ಹದಿಮೂರು ವರ್ಷ ಅವರದೇ ಹೆಸರು ಅಲ್ಲಿತ್ತು.

ಆ ವರ್ಷ ಪಕ್ಷಕ್ಕೆ ಇಬ್ಬರಿಗೂ ಎಡೆ ಇಟ್ಟೆವು. ನಮ್ಮ ಕಡೆ ಸತ್ತವರಿಗೆ ಏನು ಇಷ್ಟವೋ ಅದನ್ನು ಮಾಡಿ ಬಡಿಸುತ್ತಾರೆ. ದೊಡ್ಡಜ್ಜಿಗೆ ಹುರುಳಿಕಾಳಿನ ಬಸ್ಸಾರು, ಮುದ್ದೆ. ದೊಡ್ಡ ತಾತನಿಗೆ ಏನು ಇಷ್ಟ ಅಂತ ಅಮ್ಮ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ.

ಈಗ ನಿಮ್ಮ ಪ್ರಶ್ನೆ. 'ಫೌಜಿನಲ್ಲಿದ್ದರು ಅಂತ ಸಾಬೀತು ಮಾಡುವುದು ಹೇಗೆ' ಅನ್ನುವುದನ್ನು ದಯವಿಟ್ಟು ಪಕ್ಕಕ್ಕಿಡಿ. ಸಾಬೀತು ಮಾಡಬೇಕು ಅಂತ ಹೊರಟವರು ಹುಡುಕುವುದಿಲ್ಲ, ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಬದುಕಿದರೋ ಸತ್ತರೋ, ಎಲ್ಲಿ, ಯಾವತ್ತು? ಮೊದಲು ಇಷ್ಟು ತಿಳಿಯಲಿ.

'ಬ್ರಿಟಿಷರ ಸಿಪಾಯಿ' ಅನ್ನುವ ಮಾತನ್ನು ಬೇಜಾರಿನಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ಅಲ್ಲಿ ನಡೆದದ್ದು ಏನು ನೋಡಿ. 1942ರ ಫೆಬ್ರವರಿ 17ಕ್ಕೆ ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರೆ ಮಾಡಿ ಸಿಂಗಾಪುರದ ಫ್ಯಾರರ್ ಪಾರ್ಕ್‌ನಲ್ಲಿ ಸೇರಿಸಿ ಜಪಾನಿಗೆ ಒಪ್ಪಿಸಿದರು. ಸುಮಾರು ನಲವತ್ತು ಸಾವಿರಕ್ಕೂ ಹೆಚ್ಚು ಜನ. ಅಲ್ಲಿ ಜಪಾನಿನ ಮೇಜರ್ ಫುಜಿವಾರಾ ಮಾತಾಡಿದ, ಸೆರೆಸಿಕ್ಕವರನ್ನು ಸೇರಿಸಿಕೊಂಡು ಬ್ರಿಟಿಷರ ವಿರುದ್ಧ ಮೊದಲ ಫೌಜ್ ಕಟ್ಟಿದ ಕ್ಯಾಪ್ಟನ್ ಮೋಹನ್ ಸಿಂಗ್ ಮಾತಾಡಿದರು. ಸಾವಿರಾರು ಜನ ಫೌಜಿಗೆ ಸೇರಿದರು, ಸಾವಿರಾರು ಜನ ಸೇರಲಿಲ್ಲ. ದೇಶಕ್ಕೆ ಅಂತ ಮನಸಾರೆ ಸೇರಿದವರಿದ್ದರು. ಕೊಟ್ಟ ಮಾತಿಗೆ ತಪ್ಪಬಾರದು ಅಂತ ನಿಂತವರಿದ್ದರು. ಹಸಿವಿಗೆ ಹೋದವರೂ ಇದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನವರು ಮೋಹನ್ ಸಿಂಗರನ್ನೇ ಬಂಧಿಸಿದರು, ಮೊದಲ ಫೌಜ್ ಒಡೆದುಹೋಯಿತು. ನೇತಾಜಿ ಸಿಂಗಾಪುರಕ್ಕೆ ಬಂದದ್ದು 1943ರ ಜುಲೈನಲ್ಲಿ. ಅಷ್ಟರೊಳಗೆ ಒಬ್ಬನೇ ಮನುಷ್ಯ ಸೇರಿ, ಬಿಟ್ಟು, ಮತ್ತೆ ಕೈದಿಯಾಗಿರಬಹುದು. ಇದನ್ನೆಲ್ಲ ಒಂದು ಪ್ರಮಾಣಪತ್ರದಲ್ಲಿ ಹಿಡಿಯಲು ಆಗುತ್ತಾ?

ಸೇರದವರಲ್ಲಿ ಸಾವಿರಾರು ಜನರನ್ನು ಹಡಗಿಗೆ ತುಂಬಿ ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಒಯ್ದರು. ಹಸಿವು, ಮಲೇರಿಯಾ, ಹೊಡೆತ. ಯುದ್ಧ ಮುಗಿದ ಮೇಲೆ ನ್ಯೂ ಬ್ರಿಟನ್ನಿನ ರಬೌಲ್ ಪಟ್ಟಣದಲ್ಲಿ ಆಸ್ಟ್ರೇಲಿಯಾದ ಸೇನಾ ನ್ಯಾಯಾಲಯಗಳು ವಿಚಾರಣೆ ನಡೆಸಿದವು. 1946ರ ಜುಲೈನ ಒಂದು ಪ್ರಕರಣ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಜಪಾನಿನವರು ಸಿಖ್ ಕೈದಿಗಳನ್ನು ಕಂಬಕ್ಕೆ ಕಟ್ಟಿ ಎಚ್ಚರ ತಪ್ಪುವವರೆಗೆ ಹೊಡೆದರು. ಅವರ ಕೂದಲು, ಗಡ್ಡ ಕತ್ತರಿಸಿದರು. ಬಲವಂತವಾಗಿ ಸಿಗರೇಟು ಸೇದಿಸಿದರು. ಕೂದಲು ತೆಗೆಯುವುದೂ ಹೊಗೆಸೊಪ್ಪು ಮುಟ್ಟುವುದೂ ಅವರ ಧರ್ಮದಲ್ಲಿ ಇಲ್ಲ ಅಂತ ಗೊತ್ತಿದ್ದೇ ಮಾಡಿದ್ದು. ಇದು ಯುದ್ಧಾಪರಾಧ ಅಂತ ತೀರ್ಪಾಯಿತು. ಇಂಥ ವಿಚಾರಣೆಗಳಲ್ಲಿ ಜಪಾನಿ ಅಧಿಕಾರಿಗಳ ಪರ ನಡೆದ ಒಂದು ವಾದ ಏನು ಗೊತ್ತಾ? ಈ ಭಾರತೀಯರು ಯುದ್ಧಕೈದಿಗಳೇ ಅಲ್ಲ, ನಮ್ಮ ಕೆಲಸಕ್ಕೆ ತಾವಾಗಿ ಸೇರಿದವರು ಅಂತ. ಕೈದಿ ಅಲ್ಲ ಅಂದರೆ ಕಾನೂನಿನ ರಕ್ಷಣೆಯೂ ಇಲ್ಲ, ಅದಕ್ಕೇ ಆ ವಾದ. ನಾವು ಇವತ್ತು 'ಫೌಜಿಗೆ ಸೇರದವನು ನಮ್ಮವನಲ್ಲ' ಅಂದರೆ ಅವರ ಹೆಸರನ್ನು ಎರಡನೇ ಸಲ ಅಳಿಸಿದ ಹಾಗೆ.

ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ 1929ರ ಜಿನೀವಾ ಒಪ್ಪಂದದಲ್ಲಿ ಒಂದು ಸಣ್ಣ ನಿಯಮ ಇದೆ. ಸೆರೆಸಿಕ್ಕ ಸೈನಿಕ ಶಿಬಿರ ಸೇರಿ ಒಂದು ವಾರದೊಳಗೆ ಮನೆಗೆ ಒಂದು ಕಾರ್ಡ್ ಬರೆಯಲು ಬಿಡಬೇಕು: ಸೆರೆಯಲ್ಲಿದ್ದೇನೆ, ಆರೋಗ್ಯ ಹೀಗಿದೆ. ಜಪಾನ್ ಸಹಿ ಹಾಕಿತ್ತು, ಅನುಮೋದನೆ ಕೊಟ್ಟಿರಲಿಲ್ಲ. ಆದರೂ ಹೊಂದುವ ಮಟ್ಟಿಗೆ ಪಾಲಿಸುತ್ತೇವೆ ಅಂತ 1942ರಲ್ಲಿ ಮಾತು ಕೊಟ್ಟಿತ್ತು. ಒಂದು ಕಾರ್ಡ್ ಬಂದಿದ್ದರೆ ದೊಡ್ಡಜ್ಜಿಯ ಬದುಕು ಬೇರೆ ಆಗುತ್ತಿತ್ತು. ಕಾಣೆಯಾದವರ ಗತಿ ಏನಾಯಿತು ಅಂತ ತಿಳಿಯುವುದು ಮನೆಯವರ ಹಕ್ಕು ಅಂತ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 32ನೇ ವಿಧಿ ಹೇಳುತ್ತೆ. ಭಾರತ ಇನ್ನೂ ಅದಕ್ಕೆ ಸೇರಿಲ್ಲ. ಸೇರಬೇಕು. ಆ ವಿಧಿ ಯಾರಿಗೆ ಬೇಕು ಅಂತ ಕೇಳುವವರು ನಮ್ಮ ಮನೆಗೆ ಬರಲಿ, ಫೋಟೋ ತೋರಿಸುತ್ತೇನೆ.

ಮೊದಲು ಆಯೋಗದ ಪಟ್ಟಿ ನೋಡಿ. ಹೆಸರು ನಂಬಬೇಡಿ. ನಂಜ, ಪುಟ್ಟ, ಚಿಕ್ಕ, ಗೌಡ, ಅಯ್ಯ, ಒಂದೊಂದನ್ನೂ ನಾಲ್ಕು ಥರ ಬರೆದಿರುತ್ತಾರೆ. ಊರು, ತಂದೆ, ಹೆಂಡತಿ, ಪಡೆ, ಇವುಗಳಿಂದ ಹುಡುಕಿ. ಅಲ್ಲಿ ಸಿಗದಿದ್ದರೆ ಮೈಸೂರು ಸಂಸ್ಥಾನದ ಕಡತಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೈಸೂರು ಇನ್ಫೆಂಟ್ರಿ ಆಮೇಲೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ಅವರಿಗೂ ಬರೆಯಿರಿ. ಜಿನೀವಾದ ರೆಡ್ ಕ್ರಾಸ್ ಪತ್ರಾಗಾರ ಕುಟುಂಬದವರ ಅರ್ಜಿಗಳನ್ನು ತೆಗೆದುಕೊಳ್ಳುತ್ತೆ, ಆದರೆ ಒಂದು ಸಲಕ್ಕೆ ಇಷ್ಟೇ ಅಂತ ಮಿತಿ ಇದೆ. ಐಎನ್‌ಎ ಕಡತಗಳು ಕೊನೆಗೆ ಇರಲಿ. ಸಿಕ್ಕರೆ ನಿಮ್ಮಷ್ಟೇ ಸಂತೋಷ ನನಗೂ ಆಗುತ್ತೆ.

ಯಾವ ಪಟ್ಟಿಯೂ ಪೂರ್ತಿ ಅಲ್ಲ, ಇದೂ ನೆನಪಿರಲಿ. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರ, ಅದರಲ್ಲೂ ಆಫ್ರಿಕಾದವರ, ಹೆಸರನ್ನು ಎಲ್ಲೂ ಕೆತ್ತಲಿಲ್ಲ ಅಂತ ಇದೇ ಆಯೋಗದ ಸಮಿತಿ 2021ರಲ್ಲಿ ಹೇಳಿತು. ಹಾಗಾಗಿ ಹೆಸರು ಸಿಗದಿದ್ದರೆ ಅಜ್ಜಿಗೆ 'ಇಲ್ಲ' ಅಂತ ಮಾತ್ರ ಹೇಳಬೇಡಿ. ಯಾರು ಮಾಡಿದ ಪಟ್ಟಿ, ಎಂಥವರ ಪಟ್ಟಿ, ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ, ಎಲ್ಲ ಕೂರಿಸಿಕೊಂಡು ಹೇಳಿ. ಅವರು ಅರ್ಥ ಮಾಡಿಕೊಂಡದ್ದು ಏನು ಅಂತ ಅವರ ಬಾಯಿಂದಲೇ ಕೇಳಿ.

ಸಿಂಗಾಪುರದಲ್ಲಿ ಕೆಲಸದಲ್ಲಿರುವ ನಮ್ಮೂರ ಹುಡುಗ ಒಬ್ಬ ಅಲ್ಲಿಯ ಕ್ರಾಂಜಿಯಲ್ಲಿರುವ ಆ ಯುದ್ಧ ಸ್ಮಾರಕಕ್ಕೆ ಹೋಗಿ ಫೋಟೋ ತೆಗೆದು ಕಳಿಸಿದ. ಅಲ್ಲಿಯ ಕಲ್ಲುಗಳ ಮೇಲೆ 24,000ಕ್ಕೂ ಹೆಚ್ಚು ಹೆಸರುಗಳಿವೆ. ದೊಡ್ಡ ತಾತನ ಹೆಸರಿನ ಮೇಲೂ ಕೆಳಗೂ ಇದ್ದ ಮೈಸೂರಿನವರ ಹೆಸರುಗಳನ್ನು ಓದಲು ಆದಷ್ಟು ಬರೆದಿಟ್ಟುಕೊಂಡಿದ್ದೇನೆ. ನಿಮ್ಮ ಮುತ್ತಾತನ ಊರು, ಅವರ ತಂದೆಯ ಹೆಸರು, ಮನೆಯಲ್ಲಿ ಅವರನ್ನು ಏನಂತ ಕರೆಯುತ್ತಿದ್ದರು, ಇಷ್ಟನ್ನು ಅಜ್ಜಿಯನ್ನು ಕೇಳಿ ನನಗೆ ಸಂದೇಶದಲ್ಲಿ ಕಳಿಸಿ. ಬಂದ ರಾತ್ರಿಯೇ ನೋಡುತ್ತೇನೆ.