ಬೆಂಡೆಕಾಯಿ ನೀರು ಮತ್ತು ಎರಡು ಬಾಣ

(ನನ್ನ ಹತ್ತಿರ ಸಲಹೆಗೆ ಬಂದವರ ಕಥೆ ಇದು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

"ಸುಳ್ಳು ಅಂತ ತೋರಿಸಿಕೊಟ್ರೂ ಅಪ್ಪ ಒಪ್ಪಲ್ಲ ಮೇಡಂ. ಸೈನ್ಸ್ ಮೇಷ್ಟ್ರು ಬೇರೆ!"

ಮಗಳಿಗೆ 38, ಬೆಂಗಳೂರಲ್ಲಿ ಕೆಲಸ. ತಂದೆಗೆ 69. ಹೈಸ್ಕೂಲಿನಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ. ವಾಟ್ಸಾಪಿನಲ್ಲಿ ಬಂದ ಮೆಸೇಜ್ ನಂಬಿ ಶುಗರ್ ಮಾತ್ರೆ ನಿಲ್ಲಿಸಿದ್ದರು. ರಾತ್ರಿ ಬೆಂಡೆಕಾಯಿ ಸೀಳಿ ನೀರಿಗೆ ಹಾಕಿಡುವುದು, ಬೆಳಿಗ್ಗೆ ಆ ಲೋಳೆ ನೀರು ಕುಡಿಯುವುದು. ಬರಿಹೊಟ್ಟೆಯ ಶುಗರ್ 240 ದಾಟಿತ್ತು. ಮಗಳು ಗಾಬರಿಯಲ್ಲಿ ಫ್ಯಾಮಿಲಿ ಗ್ರೂಪಿನಲ್ಲೇ, ಅತ್ತೆ, ಚಿಕ್ಕಪ್ಪ ಎಲ್ಲರ ಎದುರು, "ಇದು ಶುದ್ಧ ಸುಳ್ಳು" ಅಂತ ಲಿಂಕ್ ಹಾಕಿದರು. ಅಪ್ಪ ಗ್ರೂಪ್ ಬಿಟ್ಟರು. ಮಗಳ ಫೋನ್ ಎತ್ತುವುದನ್ನೂ ಬಿಟ್ಟರು.

ಅರಳು ಮರಳಾ ಅಂತ ಮಗಳಿಗೆ ಅನುಮಾನ. ಪಿಂಚಣಿ ಲೆಕ್ಕ, ಕರೆಂಟ್ ಬಿಲ್, ನೆಂಟರ ಮನೆ ಮದುವೆ ತಾರೀಖು ಎಲ್ಲ ಅವರಿಗೆ ಸರಿಯಾಗಿಯೇ ನೆನಪಿತ್ತು. ಹಾಗಾಗಿ ಆ ದಾರಿ ಬಿಟ್ಟೆ.

ಆಕ್ಸ್‌ಫರ್ಡ್ ನಿಘಂಟಿನವರು 2016ರಲ್ಲಿ ವರ್ಷದ ಪದ ಅಂತ ಆರಿಸಿದ್ದು 'ಪೋಸ್ಟ್-ಟ್ರುತ್'. ಕನ್ನಡದಲ್ಲಿ ಸತ್ಯೋತ್ತರ ಅನ್ನುತ್ತೇವೆ, ಅಂದರೆ ನಿಜಕ್ಕಿಂತ ಭಾವನೆ, ನಂಬಿಕೆಗೇ ತೂಕ ಜಾಸ್ತಿ ಅನ್ನುವ ಸ್ಥಿತಿ. ಮಗಳಿಗೆ ಅದೇ ವರ್ಷದ ಬ್ರೆಕ್ಸಿಟ್ ಕಥೆ ಹೇಳಿದೆ, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕಾ ಅಂತ ಜನರ ಮತ ಕೇಳಿದ್ದು. ಬಿಡಬೇಕು ಅನ್ನುವವರು, ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದರು. ಈ ಲೆಕ್ಕ ದಾರಿ ತಪ್ಪಿಸುವಂಥದ್ದು ಅಂತ ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ನಿಲ್ಲಲಿಲ್ಲ. ಸುಳ್ಳು ಹೇಳುವವನಿಗೆ ಸಿಕ್ಕಿಬೀಳುವ ಭಯವಾದರೂ ಇರುತ್ತದೆ. ಇಲ್ಲಿ ಸಿಕ್ಕಿಬಿದ್ದರೂ ಏನೂ ಆಗುವುದಿಲ್ಲ, ಯಾಕೆಂದರೆ ಕೇಳುವವರು ಲೆಕ್ಕ ಕೇಳುತ್ತಿಲ್ಲ. ಅವರ ಮನಸ್ಸಿನಲ್ಲಿದ್ದದ್ದನ್ನು ಯಾರೋ ಜೋರಾಗಿ ಹೇಳಿದರಲ್ಲ, ಅಷ್ಟು ಸಾಕು.

"ಹೌದು, ಅಪ್ಪನೂ ಥೇಟ್ ಹಾಗೇ" ಅಂದರು. ಅವರದೇ ಫೋನ್ ತೆಗೆಯಲು ಹೇಳಿದೆ. ಹಿಂದಿನ ವಾರ ತಮಗಾಗದ ಒಬ್ಬ ರಾಜಕಾರಣಿ ಹೇಳಿದ್ದು ಅಂತ ಗೆಳತಿಯರಿಗೆ ಒಂದು ಮಾತು ಕಳಿಸಿದ್ದರು. ಅವನು ಹಾಗೆ ಹೇಳಿದ್ದಾನಾ, ನೋಡಿದ್ರಾ ಅಂದೆ. "ಹೇಳಿಯೇ ಇರ್ತಾನೆ ಬಿಡಿ ಮೇಡಂ." ಅಂದವರೇ ನಕ್ಕರು. ಆಮೇಲೆ ಸುಮ್ಮನಾದರು. (ನಾನೇನು ಕಮ್ಮಿಯಲ್ಲ. 2016ರ ನವೆಂಬರಿನಲ್ಲಿ 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅಂದಾಗ ನೋಟನ್ನು ಬೆಳಕಿಗೆ ಹಿಡಿದು ಹುಡುಕಿದವಳು ನಾನು.)

ಮೂರನೇ ವಾರ ತಂದೆ ಬಂದರು, ಮೊಮ್ಮಗನ ಒತ್ತಾಯಕ್ಕೆ. ಬೆಂಡೆಕಾಯಿ ಮೆಸೇಜ್ ತೋರಿಸಿ ಅಂದೆ. ಖುಷಿಯಿಂದ ಹುಡುಕಿಕೊಟ್ಟರು. ಮೆಸೇಜಿನ ತಲೆಯ ಮೇಲೆ ಜೋಡಿ ಬಾಣ. "ನೋಡಮ್ಮಾ, ಡಬಲ್ ಮಾರ್ಕ್ ಬಂದಿದೆ. ಪರೀಕ್ಷೆ ಮಾಡಿದ್ದು ಇದು."

ನಾನು ನಗಲಿಲ್ಲ. ಮೇಷ್ಟ್ರ ಲೆಕ್ಕದಲ್ಲಿ ಮಾರ್ಕ್ ಬಿದ್ದಿದೆ ಅಂದರೆ ಯಾರೋ ತಿದ್ದಿದ್ದಾರೆ ಅಂತಲೇ ಅಲ್ವಾ? ಆ ಜೋಡಿ ಬಾಣದ ಅರ್ಥ, ಮೆಸೇಜ್ ಕೈಯಿಂದ ಕೈಗೆ ಕನಿಷ್ಠ ಐದು ಸಲ ದಾಟಿ ಬಂದಿದೆ ಅಂತ. ಅದು ಎಚ್ಚರಿಕೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ 2018ರ ಮಾತು ತೆಗೆದೆ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಿಡಿಯೋ ಊರೂರು ಸುತ್ತುತ್ತಿತ್ತು. ಅದು ಕರಾಚಿಯಲ್ಲಿ ಜಾಗೃತಿಗೆ ಅಂತ ಮಾಡಿದ ಚಿತ್ರದ ತುಂಡು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಹುಡುಗರನ್ನು ಗುಂಪು ಅಟ್ಟಿಸಿಕೊಂಡು ಹೋಗಿ ಹೊಡೆಯಿತು, ಒಬ್ಬ ಸತ್ತ. "ಗೊತ್ತು, ಗೊತ್ತು" ಅಂದರು ಮೇಷ್ಟ್ರು. "ಆಗ ನಾನೇ ಬೀದೀಲಿ ನಿಂತು ನಂಬಬೇಡಿ ಅಂತ ಹೇಳಿದ್ದೆ." ಹಾಗಾದ್ರೆ ಈಗ? ಸ್ವಲ್ಪ ಹೊತ್ತು ಮಾತಿಲ್ಲ. "ಆಗ ಮನೇಲಿ ಅವಳಿದ್ದಳು. ಬಂದದ್ದನ್ನ ಓದಿ ಹೇಳಿದ್ರೆ, ನಿಮಗೆ ತಲೆ ಇಲ್ವಾ ಅಂತಿದ್ದಳು. ಈಗ ಬೆಳಿಗ್ಗೆ ಎದ್ದರೆ ಗುಡ್ ಮಾರ್ನಿಂಗ್ ಅನ್ನೋರು ಈ ಮೆಸೇಜ್ ಕಳಿಸೋ ಗ್ರೂಪಿನವರೇ."

ಮಗಳಿಗೆ ಹೇಳಿದ್ದು ಇಷ್ಟು. ಎಲ್ಲರ ಮುಂದೆ ಅಪ್ಪನ ಮುಖ ಮುರಿದಿದ್ದಕ್ಕೆ ಮೊದಲು ಸಾರಿ ಕೇಳಿ. ಲಿಂಕ್ ಕಳಿಸಬೇಡಿ. ರಾಜಕೀಯದ ಫಾರ್ವರ್ಡ್‌ಗಳನ್ನು ಸದ್ಯಕ್ಕೆ ಅವರ ಪಾಡಿಗೆ ಬಿಡಿ, ಎಲ್ಲ ಒಟ್ಟಿಗೆ ತಿದ್ದಲು ಹೋದರೆ ಮಾತ್ರೆಯ ವಿಷಯವೂ ಕೆಡುತ್ತದೆ. ಈ ವಾರವೇ ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋಗಿ, ಅಲ್ಲಿ ನೀವು ಬಾಯಿ ಬಿಡಬೇಡಿ. ರಾತ್ರಿ ಎಂಟಕ್ಕೆ ದಿನಾ ಫೋನ್ ಮಾಡಿ, ಆದರೆ ಶುಗರ್ ಎಷ್ಟು ಅಂತ ಕೇಳುವುದಕ್ಕಲ್ಲ.

ಮೇಷ್ಟ್ರಿಗೆ ಒಂದೇ ಕೆಲಸ ಕೊಟ್ಟೆ: ಲ್ಯಾಬಿನ ಹಳೇ ಚೀಟಿ ಹುಡುಕಿ, ಮಾತ್ರೆ ನಿಲ್ಲಿಸುವ ಮೊದಲಿನ ಅಂಕಿ, ನಿಲ್ಲಿಸಿದ ಮೇಲಿನ ಅಂಕಿ, ಎರಡನ್ನೂ ನಿಮ್ಮ ಕೈಯಾರೆ ಬರೆದು ಡಾಕ್ಟರಿಗೆ ತೋರಿಸಿ. ಅವರು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದುಕೊಂಡೇ ಹೋಗಿದ್ದರಂತೆ. ಮಾತ್ರೆ ಅವತ್ತೇ ಮತ್ತೆ ಶುರುವಾಯಿತು.

ಎರಡು ತಿಂಗಳ ಮೇಲೆ ಮಗಳು ಫೋನ್ ಮಾಡಿದ್ದರು. ಬರಿಹೊಟ್ಟೆಯ ಶುಗರ್ 130ರ ಆಸುಪಾಸಿಗೆ ಬಂದಿದೆ. ಅಪ್ಪ ಫ್ಯಾಮಿಲಿ ಗ್ರೂಪಿಗೆ ವಾಪಸ್ ಬಂದಿದ್ದಾರೆ, ರಾಜಕೀಯ ಹಾಗೇ ಇದೆ. ಆ ನೀರಿಗೆ ಅಂತ ಹಿತ್ತಲಲ್ಲಿ ಹಾಕಿದ್ದ ಬೆಂಡೆ ಗಿಡ ಈಗ ಜಾಸ್ತಿ ಕಾಯಿ ಬಿಡುತ್ತಿವೆಯಂತೆ. ದಿನಾ ಬೆಂಡೆಕಾಯಿ ಹುಳಿ.